ಗೇರು ಬೀಳದಿದ್ದರೆ ಗೇರ್‌ಬಾಕ್ಸಿನದೇ ತಪ್ಪೇ?

ಕೃಷ್ಣೆಯ ದಂಡೆಯ ಕುಡಚಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಪಡಸಾಲೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೆಯದೊಂದು ಮಾರುತಿ 800 ನಿಂತಿದೆ. ಮಳೆಗಾಲದ ಎರಡೂವರೆ ತಿಂಗಳು ಅದನ್ನು ಯಾರೂ ಮುಟ್ಟಿಲ್ಲ. ಹೊಳೆ ಏರಿ ಉಗಾರದ ಕಡೆಯ ಸೇತುವೆ ಮುಳುಗಿದಾಗ ಕಾರು ತೆಗೆದುಕೊಂಡು ಹೋಗುವುದಾದರೂ ಎಲ್ಲಿಗೆ? ನೀರು ಇಳಿದಿದೆ, ದಸರೆ ಹತ್ತಿರ ಬಂದಿದೆ. ಅಜ್ಜಿಯ ಕಣ್ಣು ತೋರಿಸಲು ಮಿರಜಿಗೆ ಹೋಗಬೇಕು. ಅಪ್ಪ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಕೂಡಿಸಿ, ಚಾವಿ ತಿರುಗಿಸಿದರೆ ಎಂಜಿನ್ ಎರಡನೆಯ ಸಲಕ್ಕೇ ಚಾಲೂ ಆಯಿತು. ಆದರೆ ಕ್ಲಚ್ ಒತ್ತಿ ಮೊದಲ ಗೇರಿಗೆ ಹಾಕಲು ಹೋದರೆ ‘ಕರ್ರ್’ ಎಂಬ ಸದ್ದು. ಹಿಂದಿನ ಗೇರಿಗೆ ಹಾಕಲು ಹೋದರೆ ಇನ್ನೂ ಜೋರು ಸದ್ದು.

‘ಗೇರ್ ಬೀಳವಲ್ದು. ಗೇರ್‌ಬಾಕ್ಸ್ ಹೋಗೇತಿ’ ಎಂದ ಅಪ್ಪ.

ನೋಡಲು ಬಂದ ನೆರೆಮನೆಯ ಕಾಕಾ ತಲೆಯಾಡಿಸಿದ. ‘ಹಳೇ ಗಾಡಿ. ಗೇರ್‌ಬಾಕ್ಸ್ ಇಳಸಬೇಕಂದ್ರ ಗಾಡಿ ಕಿಮ್ಮತ್ತಿನ ಅರ್ಧ ಅದಕ್ಕ ಹೋಗತೈತಿ. ಗುಜರಿಗೆ ಕೊಟ್ಟಬಿಡ್ರಿ.’

ಪಿಯುಸಿ ಎರಡನೆಯ ವರ್ಷದ ಮಗಳು ಬಾಗಿಲಲ್ಲಿ ನಿಂತು ಕೇಳಿದಳು: ‘ಅಪ್ಪಾ, ಎಂಜಿನ್ ಬಂದ್ ಇದ್ದಾಗ ಗೇರ್ ಬೀಳತಾವೇನು, ನೋಡೀರಿ?’

ಅಪ್ಪ ನೋಡಿರಲಿಲ್ಲ. ಕಾಕಾನೂ ನೋಡಿರಲಿಲ್ಲ. ಅವಳ ಆ ಒಂದು ಪ್ರಶ್ನೆಗೆ ಸಿಗುವ ಉತ್ತರ ಕಾರನ್ನು ಗುಜರಿಯಿಂದ ಉಳಿಸಬಲ್ಲದು. ಹೇಗೆಂಬುದನ್ನು ತಿಳಿಯಲು ಕಾರಿನ ಹೊಟ್ಟೆಯೊಳಗೆ ಒಂದಿಷ್ಟು ಇಣುಕಬೇಕು.

ಮೂರು ಮನೆ, ಒಂದೇ ಬಾಗಿಲು

ಚಾಲಕನ ಕೈಗೆ ಸಿಗುವುದು ಗೇರಿನ ಹಿಡಿಕೆ ಒಂದೇ. ಆದ್ದರಿಂದ ಗೇರು ಬೀಳದಿದ್ದಾಗ ಎಲ್ಲ ತಪ್ಪೂ ಹಿಡಿಕೆಯ ತುದಿಯಲ್ಲಿರುವ ಗೇರ್‌ಬಾಕ್ಸಿನದೇ ಎಂದು ತೋರುತ್ತದೆ. ನಿಜವಾಗಿ ಅಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಸೇರಿ ಕೆಲಸ ಮಾಡುತ್ತವೆ. ಮೊದಲನೆಯದು ಕ್ಲಚ್, ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವಿನ ಸಂಬಂಧವನ್ನು ಕ್ಷಣಕಾಲ ಕಡಿದು ಮತ್ತೆ ಕೂಡಿಸುವುದು ಅದರ ಕೆಲಸ. ಎರಡನೆಯದು ಹಿಡಿಕೆಯಿಂದ ಗೇರ್‌ಬಾಕ್ಸಿನವರೆಗೆ ಕೈಯ ಚಲನೆಯನ್ನು ಒಯ್ಯುವ ಸರಳು, ಕೀಲು, ಬುಷ್‌ಗಳ ಸರಪಳಿ. ಮೂರನೆಯದು ಗೇರ್‌ಬಾಕ್ಸ್. ಈ ಮೂರರಲ್ಲಿ ಯಾವುದು ಕೆಟ್ಟರೂ ಚಾಲಕನ ಬಾಯಲ್ಲಿ ಬರುವ ಮಾತು ಒಂದೇ: ‘ಗೇರ್ ಬೀಳವಲ್ದು.’

ಜ್ವರ ಬಂದವನಿಗೆ ಮಲೇರಿಯಾವೋ ಟೈಫಾಯಿಡ್ಡೋ ಎಂದು ನೋಡದೆ ಔಷಧ ಕೊಡುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಲಕ್ಷಣವನ್ನೇ ರೋಗವೆಂದು ನಂಬಿ, ನೇರವಾಗಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವವರು ಬಹಳ ಜನ. ಮೂರರಲ್ಲಿ ಅತ್ಯಂತ ದುಬಾರಿಯಾದದ್ದು ಗೇರ್‌ಬಾಕ್ಸಿನ ರಿಪೇರಿ. ಅತ್ಯಂತ ಅಗ್ಗವಾದದ್ದು ಕ್ಲಚ್ ಕೇಬಲನ್ನು ಸರಿಪಡಿಸುವುದು ಇಲ್ಲವೆ ಹರಿದ ಬುಷ್ ಬದಲಿಸುವುದು. ಯಾವುದನ್ನೂ ಬಿಚ್ಚುವ ಮೊದಲೇ ಈ ಮೂರನ್ನು ಬೇರ್ಪಡಿಸಲು ಸಾಧ್ಯವಿದೆ. ಅದಕ್ಕೆ ಪಾನ ಬೇಕಿಲ್ಲ, ಜಾಕೂ ಬೇಕಿಲ್ಲ.

ಓಡುವ ಬಸ್ಸು ಹತ್ತಿದಂತೆ

ಗೇರು ಹಾಕುವುದೆಂದರೆ ಎರಡು ಹಲ್ಲುಗಾಲಿಗಳನ್ನು ತಂದು ಒಂದಕ್ಕೊಂದು ಕಚ್ಚಿಸುವುದು ಎಂದು ಅನೇಕರು ತಿಳಿದಿದ್ದಾರೆ. ಬಹಳ ಹಿಂದಿನ ಕಾರುಗಳಲ್ಲಿ ಅದು ನಿಜವೂ ಆಗಿತ್ತು. ಮಾರುತಿ 800ರಂತಹ ಕಾರಿನ ಮುಂದಿನ ಗೇರುಗಳಲ್ಲಿ ಹಲ್ಲುಗಾಲಿಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಅವುಗಳಲ್ಲಿ ಕೆಲವು ಶಾಫ್ಟಿನ ಮೇಲೆ ಸಡಿಲವಾಗಿ, ಕೆಲಸವಿಲ್ಲದೆ ತಿರುಗುತ್ತಿರುತ್ತವೆ. ಹಿಡಿಕೆಯನ್ನು ಸರಿಸಿದಾಗ ಒಳಗಿನ ಕವಲುಕೋಲೊಂದು ಉಕ್ಕಿನ ಬಳೆಯೊಂದನ್ನು ಸರಿಸಿ, ಬೇಕಾದ ಗಾಲಿಯನ್ನು ಶಾಫ್ಟಿಗೆ ಬಿಗಿಯಾಗಿ ಜೋಡಿಸುತ್ತದೆ. ಗೇರು ‘ಬೀಳುವುದು’ ಎಂದರೆ ಇಷ್ಟೇ.

ತೊಡಕಿರುವುದು ವೇಗದಲ್ಲಿ. ಬಳೆಯೂ ಗಾಲಿಯೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿದ್ದರೆ ಜೋಡಣೆಯಾಗುವ ಬದಲು ಹಲ್ಲಿಗೆ ಹಲ್ಲು ಬಡಿಯುತ್ತದೆ. ಹೊರಟ ಬಸ್ಸನ್ನು ಹತ್ತುವವನು ಬಸ್ಸಿನ ವೇಗಕ್ಕೆ ಸಮನಾಗಿ ಓಡಿದರೆ ಮಾತ್ರ ಮೆಟ್ಟಿಲ ಮೇಲೆ ಕಾಲಿಡಬಲ್ಲ. ನಿಂತಲ್ಲಿಂದಲೇ ಹಿಡಿದರೆ ತೋಳು ಕಿತ್ತುಬರುತ್ತದೆ. ಗೇರಿನ ಒಳಗೂ ಇದೇ ನಿಯಮ.

ಹಾಗೆ ‘ಜೊತೆಗೆ ಓಡಿಸುವ’ ಕೆಲಸಕ್ಕಾಗಿಯೇ ಸಿಂಕ್ರೊಮೆಷ್ ಎಂಬ ಏರ್ಪಾಡು ಇದೆ. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇದು 1928ರಲ್ಲಿ ಬಂತು. ಅದರ ಹಿಂದಿದ್ದವನು ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್. ಪ್ರತಿಯೊಂದು ಗೇರಿಗೂ ಶಂಕುವಿನಾಕಾರದ ಹಿತ್ತಾಳೆಯ ಉಂಗುರವೊಂದು ಇರುತ್ತದೆ. ಬಳೆ ಗಾಲಿಯನ್ನು ಕಚ್ಚುವ ಮೊದಲು ಈ ಉಂಗುರ ಗಾಲಿಗೆ ಉಜ್ಜಿ, ಪುಟ್ಟ ಬ್ರೇಕಿನಂತೆ ಕೆಲಸ ಮಾಡಿ ಎರಡರ ವೇಗವನ್ನೂ ಸಮಮಾಡುತ್ತದೆ. ಆದರೆ ಈ ಪುಟ್ಟ ಬ್ರೇಕಿಗೆ ಒಂದು ಮಿತಿಯಿದೆ. ಕ್ಲಚ್ ಪೂರ್ತಿ ಬಿಟ್ಟುಕೊಟ್ಟಿದ್ದರೆ ಅದು ತಡೆಯಬೇಕಾದದ್ದು ಹಗುರವಾದ ಒಂದು ಶಾಫ್ಟು ಮತ್ತು ಕ್ಲಚ್ ಪ್ಲೇಟನ್ನು ಮಾತ್ರ. ಕ್ಲಚ್ ಬಿಟ್ಟುಕೊಡದಿದ್ದರೆ ಇಡೀ ಎಂಜಿನ್ನಿನ ಜೊತೆಗೇ ಜಗ್ಗಾಡಬೇಕಾಗುತ್ತದೆ. ಆಗ ಅದು ಸೋಲುತ್ತದೆ, ಹಲ್ಲು ಕೂಗುತ್ತದೆ.

ಅಂದರೆ ಕೂಗುವುದು ಗೇರ್‌ಬಾಕ್ಸ್. ತಪ್ಪು ಮಾಡಿದ್ದು ಕ್ಲಚ್ ಇರಬಹುದು. ಮಗಳ ಪ್ರಶ್ನೆಯ ತಿರುಳು ಇದೇ.

ಮೊದಲ ಪರೀಕ್ಷೆ: ಎಂಜಿನ್ ಬಂದ್

ಕಾರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಚಾವಿ ತೆಗೆದುಬಿಡಬೇಕು. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಒಂದೆರಡು ಗೇರು ಅರ್ಧಕ್ಕೆ ನಿಂತರೆ ಹೆದರಬೇಕಿಲ್ಲ. ಹಲ್ಲಿನ ತುದಿಗೆ ಹಲ್ಲಿನ ತುದಿಯೇ ಎದುರಾಗಿ ನಿಂತಿರಬಹುದು. ಕಲ್ಲು ಸರಿಸಿ, ನ್ಯೂಟ್ರಲ್‌ನಲ್ಲಿ ಕಾರನ್ನು ಒಂದು ಗೇಣು ಹಿಂದೆ ಮುಂದೆ ಮಾಡಿ, ಮತ್ತೆ ಕಲ್ಲು ಕೊಟ್ಟು ಹಾಕಿದರೆ ಬೀಳುತ್ತದೆ.

ಎಂಜಿನ್ ನಿಂತಿರುವಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಚಾಲೂ ಇರುವಾಗ ಯಾವುದೂ ಬೀಳದಿದ್ದರೆ ಹಿಡಿಕೆಯ ಸರಪಳಿ ಸರಿಯಿದೆ, ಒಳಗಿನ ಕವಲುಕೋಲುಗಳೂ ಸರಿಯಿವೆ. ಸಂಶಯ ಕ್ಲಚ್ಚಿನ ಮೇಲೆ ಬೀಳುತ್ತದೆ. ನಿಂತಿರುವಾಗಲೂ ಬೀಳದಿದ್ದರೆ ಕ್ಲಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಆಗ ಹಿಡಿಕೆಯ ಸರಪಳಿಯನ್ನು ಮೊದಲು, ಗೇರ್‌ಬಾಕ್ಸನ್ನು ಆಮೇಲೆ ನೋಡಬೇಕು. ಒಂದೂ ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯಿಂದ ಅರ್ಧ ರೋಗನಿದಾನ ಮುಗಿಯಿತು.

ಎರಡನೆಯ ಪರೀಕ್ಷೆ: ಹಿಂದಿನ ಗೇರು ಹೇಳುವ ಸತ್ಯ

ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಗೇರಿಗೆ ಹಿತ್ತಾಳೆಯ ಉಂಗುರ ಇರುವುದಿಲ್ಲ. ಕಾರು ನಿಂತ ಮೇಲೆಯೇ ಹಾಕುವ ಗೇರಾದ್ದರಿಂದ ಅದರ ಅಗತ್ಯವಿಲ್ಲವೆಂದು ಬಿಟ್ಟಿರುತ್ತಾರೆ. ಆ ಕಾರಣಕ್ಕೇ ಅದು ಒಳ್ಳೆಯ ಸಾಕ್ಷಿ. ಕ್ಲಚ್ಚಿನ ತಪ್ಪನ್ನು ಅದು ಮುಚ್ಚಿಡುವುದಿಲ್ಲ.

ಬಯಲು ಜಾಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಕಾಲು ಬ್ರೇಕಿನ ಮೇಲಿಟ್ಟು, ಎಂಜಿನ್ ನಿಧಾನವಾಗಿ ಓಡುತ್ತಿರಲಿ. ಕ್ಲಚ್ಚನ್ನು ಪೂರ್ತಿ ಒತ್ತಿ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಕ್ಲಚ್ ಸರಿಯಾಗಿ ಬಿಟ್ಟುಕೊಟ್ಟಿದ್ದರೆ ಅಷ್ಟರಲ್ಲಿ ಗೇರ್‌ಬಾಕ್ಸಿನ ಶಾಫ್ಟು ತಾನಾಗಿ ತಿರುಗುವುದನ್ನು ನಿಲ್ಲಿಸುತ್ತದೆ. ಈಗ ಹಿಂದಿನ ಗೇರು ಸದ್ದಿಲ್ಲದೆ ಬೀಳಬೇಕು. ಒತ್ತಿದ ಕೂಡಲೇ ಹಾಕಿದಾಗ ಮಾತ್ರ ಕೂಗಿ, ಕಾದು ಹಾಕಿದರೆ ಸುಮ್ಮನಿದ್ದರೆ ಅದು ರೋಗವಲ್ಲ, ಅವಸರ. ಕಾದ ಮೇಲೂ ಕೂಗಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ನಿಸ್ಸಂದೇಹವಾಗಿ ಹೇಳಬಹುದು. ಕ್ಲಚ್ ತಳದವರೆಗೆ ಒತ್ತಿದ್ದರೂ ಗೇರಿನಲ್ಲಿರುವ ಕಾರು ಮೆಲ್ಲಗೆ ತೆವಳಲು ನೋಡುವುದೂ ಇದೇ ರೋಗದ ಇನ್ನೊಂದು ಗುರುತು.

ಕ್ಲಚ್ಚಿನ ತಪ್ಪೆಂದು ತಿಳಿದ ಮೇಲೂ ಹುಡುಕಾಟ ಅಗ್ಗದಿಂದ ದುಬಾರಿಯ ಕಡೆಗೇ ಸಾಗಬೇಕು. ಮೊದಲು ಪೆಡಲಿನ ಕೆಳಗೆ ಬಗ್ಗಿ ನೋಡಬೇಕು. ಕಾಲಡಿಯ ರಬ್ಬರ್ ಮ್ಯಾಟು ಮಡಚಿ ಅಡ್ಡ ಕುಳಿತು, ಪೆಡಲ್ ಪೂರ್ತಿ ಕೆಳಗಿಳಿಯದಂತೆ ತಡೆದಿರುವುದುಂಟು. ಆಮೇಲೆ ಪೆಡಲಿನ ಸಡಿಲ. ಕೈಯಿಂದ ಮೆಲ್ಲಗೆ ಒತ್ತಿದಾಗ ಮೊದಲ ಒಂದಿಷ್ಟು ದೂರ ಪೆಡಲ್ ಯಾವ ಪ್ರತಿರೋಧವೂ ಇಲ್ಲದೆ ಇಳಿಯುತ್ತದೆ. ಅದು ಎಷ್ಟಿರಬೇಕೆಂದು ಕಾರಿನ ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ; ಒಂದು ಸ್ಕೇಲ್ ಹಿಡಿದು ಅಳೆಯಬಹುದು. ಮಾರುತಿ 800ರಲ್ಲಿ ಕ್ಲಚ್ಚನ್ನು ಎಳೆಯುವುದು ಉಕ್ಕಿನ ಕೇಬಲ್. ಅದು ಕಾಲಕ್ರಮೇಣ ಹಿಗ್ಗುತ್ತದೆ, ಅದರ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಸಡಿಲ ಹೆಚ್ಚಾದರೆ ಕಾಲು ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಸಡಿಲವೇ ಇಲ್ಲದಂತೆ ಕೇಬಲನ್ನು ಬಿಗಿದುಬಿಟ್ಟರೆ ರೋಗ ತಿರುಗಿ ಇನ್ನೊಂದು ಕಡೆಗೆ ಹೋಗುತ್ತದೆ. ಆಗ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ ಕೂಗುತ್ತದೆ, ಕಾರು ಏರು ಹತ್ತುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ‘ಬಿಡದ’ ಕ್ಲಚ್ ಮತ್ತು ‘ಹಿಡಿಯದ’ ಕ್ಲಚ್ ಎರಡೂ ಬೇರೆ ಬೇರೆ ರೋಗಗಳು, ಒಂದಕ್ಕೊಂದು ತೀರಾ ವಿರುದ್ಧವಾದವು. ಗ್ಯಾರೇಜಿಗೆ ಹೋಗಿ ಬರೀ ‘ಕ್ಲಚ್ ಸರಿ ಇಲ್ಲ’ ಎಂದರೆ ಮಿಸ್ತ್ರಿಗೆ ಏನೂ ತಿಳಿಯದು.

ಹಿಡಿಕೆ ಸಡಿಲವಾದಾಗ

ಎಂಜಿನ್ ನಿಂತಿರುವಾಗಲೂ ಗೇರು ಸಿಗದಿದ್ದರೆ ಹಿಡಿಕೆಯನ್ನೇ ಗಮನಿಸಬೇಕು. ನ್ಯೂಟ್ರಲ್‌ನಲ್ಲಿ ಅದು ಗಂಜಿಯಲ್ಲಿ ಸೌಟು ಆಡಿದಂತೆ ಎತ್ತೆತ್ತಲೋ ಆಡುತ್ತಿದೆಯೇ? ಮೊದಲನೆಯದಕ್ಕೆ ಹಾಕಿದರೆ ಮೂರನೆಯದಕ್ಕೆ ಬೀಳುತ್ತಿದೆಯೇ? ಹಾಗಿದ್ದರೆ ಕೀಲುಗಳಲ್ಲಿರುವ ನೈಲಾನ್ ಇಲ್ಲವೆ ರಬ್ಬರಿನ ಬುಷ್‌ಗಳು ಸವೆದಿರಬಹುದು. ಕೈ ಪೂರ್ತಿ ಸರಿದರೂ ಆ ಚಲನೆ ಗೇರ್‌ಬಾಕ್ಸಿಗೆ ಪೂರ್ತಿ ತಲುಪುವುದಿಲ್ಲ. ಒಬ್ಬರು ಹಿಡಿಕೆ ಆಡಿಸುತ್ತಿದ್ದರೆ, ಇನ್ನೊಬ್ಬರು ಬಾನೆಟ್ ಎತ್ತಿ ನೋಡಿದಾಗ ಯಾವ ಕೀಲಿನಲ್ಲಿ ಚಲನೆ ಕಳೆದುಹೋಗುತ್ತಿದೆ ಎಂಬುದು ಹಲವು ಕಾರುಗಳಲ್ಲಿ ಕಣ್ಣಿಗೇ ಬೀಳುತ್ತದೆ. ಎಂಜಿನ್ ಮಾತ್ರ ಬಂದ್ ಇರಬೇಕು.

ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಕೆಯಿದ್ದ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಓಡಿಸಿದ ಹಿರಿಯರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಅಲ್ಲಿ ಹಿಡಿಕೆಗೂ ಗೇರ್‌ಬಾಕ್ಸಿಗೂ ನಡುವೆ ದೂರ ಹೆಚ್ಚು, ಕೀಲುಗಳೂ ಹೆಚ್ಚು. ಸವೆದ ಕೀಲುಗಳು ನಡುರಸ್ತೆಯಲ್ಲಿ ಸಿಕ್ಕಿಕೊಂಡರೆ ಚಾಲಕ ಇಳಿದು, ಬಾನೆಟ್ ಎತ್ತಿ, ಸರಳನ್ನು ಕೈಯಿಂದಲೇ ನ್ಯೂಟ್ರಲ್‌ಗೆ ತಂದು ಮುಂದೆ ಹೋಗುತ್ತಿದ್ದ. ಅದಕ್ಕಾಗಿ ಅವನು ಗೇರ್‌ಬಾಕ್ಸ್ ಇಳಿಸುತ್ತಿರಲಿಲ್ಲ. ಆ ಕಾರುಗಳ ಹಳೆಯ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೊಮೆಷ್ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಓಡುತ್ತಿರುವಾಗ ಮೊದಲನೆಯದಕ್ಕೆ ಹಾಕಿದರೆ ಅದು ಕೂಗುವುದು ರೋಗವಲ್ಲ, ಅದರ ಹುಟ್ಟುಗುಣ. ರೋಗ ಯಾವುದೆಂದು ಹೇಳಬೇಕಾದರೆ ಆರೋಗ್ಯ ಹೇಗಿರುತ್ತದೆಂದು ಮೊದಲು ಗೊತ್ತಿರಬೇಕು.

ಒಂದೇ ಗೇರು ಮುನಿದರೆ

ಎಲ್ಲ ಗೇರೂ ಸರಿಯಿದ್ದು ಒಂದೇ ಒಂದು ಗೇರು, ಅದೂ ಕಾರು ಓಡುತ್ತಿರುವಾಗ ಮಾತ್ರ ಕೂಗಿದರೆ? ಕ್ಲಚ್ ಎಲ್ಲ ಗೇರುಗಳಿಗೂ ಒಂದೇ. ಅದು ಕೆಟ್ಟಿದ್ದರೆ ಎಲ್ಲ ಗೇರಿಗೂ ತೊಂದರೆಯಾಗಬೇಕಿತ್ತು. ಆದ್ದರಿಂದ ಇಲ್ಲಿ ಸಂಶಯ ಆ ಗೇರಿನ ಹಿತ್ತಾಳೆಯ ಉಂಗುರದ ಮೇಲೆ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಸವೆಯುವುದು ಎರಡನೆಯ ಗೇರಿನದು. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಉಗಾರ, ಅಥಣಿಯ ರಸ್ತೆಗಳಲ್ಲಿ ಓಡಾಡುವವರಿಗೆ ಇದರ ಕಾರಣ ಹೇಳಬೇಕಿಲ್ಲ. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು, ಹಿಂದೆ ಕಾರು. ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮತ್ತೆ ಎರಡಕ್ಕೆ.

ಉಂಗುರದ ಮೇಲೆ ಬೀಳುವ ಹೊರೆಯನ್ನು ವಿದ್ಯಾರ್ಥಿಗಳು ಲೆಕ್ಕಹಾಕಿಯೇ ನೋಡಬಹುದು. ಲೆಕ್ಕದ ಅನುಕೂಲಕ್ಕೆ ಮೂರನೆಯ ಗೇರಿನ ಅನುಪಾತ 1.4, ಎರಡನೆಯದು 2.1 ಎಂದಿಟ್ಟುಕೊಳ್ಳೋಣ. ಮೂರನೆಯದರಲ್ಲಿ ಎಂಜಿನ್ ನಿಮಿಷಕ್ಕೆ 2100 ಸುತ್ತು ತಿರುಗುತ್ತಿದೆ. ಅದೇ ವೇಗದಲ್ಲಿ ಎರಡನೆಯದಕ್ಕೆ ಇಳಿಸಿದರೆ ಶಾಫ್ಟು 2100ನ್ನು 1.4ರಿಂದ ಭಾಗಿಸಿ 2.1ರಿಂದ ಗುಣಿಸಿದಷ್ಟು, ಅಂದರೆ 3150 ಸುತ್ತು ತಿರುಗಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ವೇಗವನ್ನು 1050 ಸುತ್ತು ಹೆಚ್ಚಿಸಬೇಕಾದದ್ದು ಆ ಪುಟ್ಟ ಉಂಗುರ. ಸವೆದ ಉಂಗುರ ಅಲ್ಲಿ ಸೋಲುವುದು ಸಹಜವೇ.

ಇದನ್ನು ಖಚಿತಪಡಿಸಿಕೊಳ್ಳಲು ಹಳೆಯ ಲಾರಿ ಚಾಲಕರ ಉಪಾಯವೊಂದಿದೆ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಕ್ಸಲೇಟರ್ ತುಸು ಒತ್ತಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುವುದು. ಉಂಗುರ ಮಾಡಬೇಕಾದ ಕೆಲಸವನ್ನು ಇಲ್ಲಿ ಚಾಲಕನ ಪಾದ ಮಾಡುತ್ತದೆ. ಹೀಗೆ ಮಾಡಿದಾಗ ಗೇರು ಸುಮ್ಮನೆ ಬಿದ್ದರೆ ಉಂಗುರವೇ ಸವೆದಿದೆ ಎಂದು ತಿಳಿಯಬೇಕು. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು; ಆದರೆ ನಾಳೆಯೇ ಇಳಿಸಬೇಕೆಂದಿಲ್ಲ. ಈ ರೀತಿ ಜಾಣತನದಿಂದ ಓಡಿಸಿ ಒಂದು ಹಂಗಾಮು ದಾಟಿಸಿದವರಿದ್ದಾರೆ.

ಹಾಕಿದ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುವುದು ಇನ್ನೊಂದು ದೂರು. ಅದಕ್ಕೆ ಒಳಗಿನ ಹಲ್ಲು ಸವೆದಿರಬಹುದು, ಗೇರನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗು ಸೋತಿರಬಹುದು. ಆದರೆ ಎಂಜಿನ್ನಿನ ಕೆಳಗಿನ ರಬ್ಬರ್ ಮೌಂಟಿಂಗ್ ಹರಿದು, ಎಂಜಿನ್ ಹೊಯ್ದಾಡಿ ಗೇರನ್ನು ಎಳೆದು ತೆಗೆಯುತ್ತಿರಲೂಬಹುದು. ಒಳಗೆ ಕೈಹಾಕುವ ಮೊದಲು ಹೊರಗಿನ ರಬ್ಬರನ್ನು ನೋಡುವುದು ಜಾಣತನ.

ಎಣ್ಣೆ ಮತ್ತು ಹೊಳೆಯ ನೀರು

ಬೆಳಗಿನ ಚಳಿಯಲ್ಲಿ ಎಲ್ಲ ಗೇರೂ ಬಿಗಿಯಾಗಿದ್ದು, ನಾಲ್ಕಾರು ಕಿಲೋಮೀಟರ್ ಓಡಿದ ಮೇಲೆ ಸಲೀಸಾದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಸಂಶಯಿಸಬೇಕು. ಬೇಕಾದ್ದಕ್ಕಿಂತ ಗಟ್ಟಿ ಎಣ್ಣೆ ಹಾಕಿದ್ದರೆ ಹೀಗಾಗುತ್ತದೆ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುವುದನ್ನೂ ನೋಡಬೇಕು. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂದು ಭಾವಿಸುವುದು ತಪ್ಪು. ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್‌ನಂತಹ, ಹಲ್ಲುಗಳ ಮೇಲೆ ಭಾರೀ ಒತ್ತಡ ಬೀಳುವ ಜಾಗಕ್ಕಾಗಿ ಮಾಡಿದ್ದು. ಅದರಲ್ಲಿ ಬೆರೆಸುವ ಕೆಲವು ಗಂಧಕಯುಕ್ತ ರಾಸಾಯನಿಕಗಳು ಹಿತ್ತಾಳೆಗೆ ಒಗ್ಗದಿರಬಹುದು. ಕೈಪಿಡಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕುವುದು ಕ್ಷೇಮ.

ಕೃಷ್ಣೆಯ ದಂಡೆಯ ಊರುಗಳಿಗೆ ಮಾತ್ರ ವಿಶೇಷವಾದ ಇನ್ನೊಂದು ಮಾತಿದೆ. 2005, 2019, 2021ರ ಮಹಾಪೂರಗಳನ್ನು ಕಂಡವರಿಗೆ ನೀರು ಎಲ್ಲಿಯವರೆಗೆ ಬರಬಲ್ಲದೆಂದು ಹೇಳಬೇಕಿಲ್ಲ. ಗೇರ್‌ಬಾಕ್ಸಿಗೆ ಉಸಿರಾಡಲೊಂದು ಸಣ್ಣ ರಂಧ್ರವಿರುತ್ತದೆ. ಕಾರು ನೀರಿನಲ್ಲಿ ನಿಂತರೆ ಅದರ ಮೂಲಕ ನೀರು ಒಳಸೇರಬಹುದು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ನೀರು ಸೇರಿದ ಗುರುತು. ಅಂತಹ ಕಾರನ್ನು ಚಾಲೂ ಮಾಡಲು ಹೋಗಲೇಬಾರದು; ಮೊದಲು ಎಣ್ಣೆಗಳನ್ನೆಲ್ಲ ಬಸಿದು, ಮಿಸ್ತ್ರಿಯಿಂದ ತಪಾಸಣೆ ಮಾಡಿಸಬೇಕು.

ನೀರು ಮುಟ್ಟದಿದ್ದರೂ ಸಾಕು, ತೇವವೊಂದೇ ಇನ್ನೊಂದು ಕಿತಾಪತಿ ಮಾಡಬಲ್ಲದು. ಕ್ಲಚ್ ಪ್ಲೇಟು ಎರಡು ಎರಕದ ಕಬ್ಬಿಣದ ಮೈಗಳ ನಡುವೆ ಒತ್ತಿಕೊಂಡು ಕುಳಿತಿರುತ್ತದೆ. ಕಾರು ತಿಂಗಳುಗಟ್ಟಲೆ ಅಲುಗಾಡದೆ ತಂಪಿನಲ್ಲಿ ನಿಂತರೆ ಕಬ್ಬಿಣ ತುಕ್ಕು ಹಿಡಿದು ಪ್ಲೇಟು ಅದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಕ್ಲಚ್ ಒತ್ತಿದರೂ ಪ್ಲೇಟು ಬಿಡುವುದಿಲ್ಲ. ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ.

ಕುಡಚಿಯ ಶೆಡ್ಡಿನಲ್ಲಿ

ಈಗ ಆ ಮನೆಗೆ ಮರಳೋಣ. ಅಪ್ಪ ಎಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡಿದ. ನಾಲ್ಕೂ ಬಿದ್ದವು, ಹಿಂದಿನದೂ ಬಿತ್ತು. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ‘ಬಂದ್ ಇದ್ದಾಗ ಎಲ್ಲಾ ಸರಿ.’ ಕಾರನ್ನು ಬಯಲಿಗೆ ತಳ್ಳಿ, ಎಂಜಿನ್ ಚಾಲೂ ಮಾಡಿ, ಐದು ಎಣಿಸಿ ಹಿಂದಿನ ಗೇರು ಹಾಕಿದರೆ ಅದೇ ಕೂಗು. ‘ಕ್ಲಚ್ ಬಿಡವಲ್ದು’ ಎಂದು ಇನ್ನೊಂದು ಸಾಲು. ಮ್ಯಾಟ್ ಎತ್ತಿ ನೋಡಿದರು, ಅಡ್ಡ ಏನೂ ಇರಲಿಲ್ಲ. ಸ್ಕೇಲ್ ಹಿಡಿದು ಸಡಿಲ ಅಳೆದರು, ಕೈಪಿಡಿಯ ಲೆಕ್ಕಕ್ಕೆ ಸರಿಯಿತ್ತು. ಎಂಜಿನ್ ಬಂದ್ ಮಾಡಿ ಅಪ್ಪ ಪೆಡಲ್ ಒತ್ತಿದ, ಮಗಳು ಬಾನೆಟ್ಟಿನೊಳಗೆ ಕಣ್ಣಿಟ್ಟಳು. ಕೇಬಲ್ ಎಳೆಯುವ ತೋಳು ತುಂಬಾ ದೂರ ಸರಿದು ಮರಳಿತು. ಹೊರಗಿನದೆಲ್ಲ ಸರಿಯಿದೆ, ಒಳಗೆ ಪ್ಲೇಟು ಬಿಡುತ್ತಿಲ್ಲ, ಕಾರು ಎರಡೂವರೆ ತಿಂಗಳು ಮಳೆಯ ತಂಪಿನಲ್ಲಿ ನಿಂತಿತ್ತು. ಮೂರು ಸಾಲುಗಳನ್ನು ಕೂಡಿಸಿದರೆ ಉತ್ತರ ತಾನಾಗಿ ಬರುತ್ತದೆ.

ಆ ಹಾಳೆಯನ್ನು ತೋರಿಸಿದಾಗ ಮಿಸ್ತ್ರಿ ಚಾಚಾ ಗೇರ್‌ಬಾಕ್ಸಿನ ಮಾತೇ ಎತ್ತಲಿಲ್ಲ. ‘ಪ್ಲೇಟ್ ಅಂಟೇತಿ ತಂಗಿ. ಬಿಡಸೂಣಂತ’ ಎಂದ. ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡಿ ನಿಲ್ಲಿಸಿ, ಜನವಿಲ್ಲದ ಬಯಲಿನಲ್ಲಿ ಕ್ಲಚ್ ಒತ್ತಿ ಹಿಡಿದು ಗೇರಿನಲ್ಲೇ ಚಾಲೂ ಮಾಡಿ, ಎಕ್ಸಲೇಟರನ್ನು ಒತ್ತಿ ಬಿಟ್ಟು ಮಾಡಿದಾಗ ಒಂದು ಜಗ್ಗಿಗೆ ಪ್ಲೇಟು ಬಿಟ್ಟುಕೊಂಡಿತು. ಇದು ಅನುಭವಸ್ಥರ ಕೆಲಸ. ಕಾರು ಒಮ್ಮೆಲೇ ಮುಂದೆ ನೆಗೆಯುವುದರಿಂದ ಮನೆಯವರು ಮಾಡಲು ಹೋಗಬಾರದು. ಎಲ್ಲ ಸಲವೂ ಹೀಗೆ ಬಿಡುತ್ತದೆಂದೂ ಇಲ್ಲ. ಬಿಡದಿದ್ದರೆ ಬಿಚ್ಚಿ ಪ್ಲೇಟ್ ತೆಗೆಯಬೇಕಾಗುತ್ತದೆ. ಆಗಲೂ ಬಿಚ್ಚುವುದು ಯಾಕೆ ಎಂಬುದು ಬಿಚ್ಚುವ ಮೊದಲೇ ಗೊತ್ತಿರುತ್ತದೆ.

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಕೂಡಿಸಿಕೊಂಡು ಕಾರು ಸೇತುವೆ ದಾಟಿ ಮಿರಜಿನ ದಾರಿ ಹಿಡಿಯಿತು.

ಪಾಲಕರಿಗೊಂದು ಮಾತು

ಮಕ್ಕಳು ಬಾನೆಟ್ ಎತ್ತಿದರೆ ‘ಅದರಾಗ ನಿನಗೇನ ತಿಳೀತೈತಿ, ಹೋಗಿ ಓದ್ಕೋ’ ಎನ್ನುವುದು ಸುಲಭ. ಆದರೆ ಆ ಹುಡುಗಿ ಮಾಡಿದ್ದು ಓದೇ. ಪ್ರಯೋಗಶಾಲೆಯಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕು ಎಂದು ಹೇಳಿಕೊಡುತ್ತಾರೆ. ಎಂಜಿನ್ನನ್ನು ಬಂದ್ ಮಾಡಿ ಅದೇ ಗೇರನ್ನು ಹಾಕಿ ನೋಡುವುದು ಅದೇ ನಿಯಮ. ಪುಸ್ತಕದಲ್ಲಿರುವ ಘರ್ಷಣೆ, ಆವರ್ತನೆ, ತುಕ್ಕು ಎಲ್ಲವೂ ಮನೆಯ ಶೆಡ್ಡಿನಲ್ಲೇ ಇವೆ. ಹುಡುಗರಿಗೂ ಹುಡುಗಿಯರಿಗೂ ಇದು ಒಂದೇ.

ಕೆಲವು ಕಟ್ಟುನಿಟ್ಟುಗಳು ಮಾತ್ರ ಇರಲಿ. ಹದಿನೆಂಟು ತುಂಬಿ ಲೈಸೆನ್ಸ್ ಪಡೆಯದ ಮಕ್ಕಳು ಎಂಜಿನ್ ಚಾಲೂ ಇರುವಾಗ ಚಾಲಕನ ಸೀಟಿನಲ್ಲಿ ಕೂಡುವುದು ಬೇಡ. ಅವರ ಕೆಲಸ ನೋಡುವುದು, ಕೇಳುವುದು, ಬರೆದುಕೊಳ್ಳುವುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ ವಾಸನೆಯಿಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಮಳೆಗಾಲದಲ್ಲಿ ಕಾರು ನಿಲ್ಲಿಸುವುದಿದ್ದರೆ ವಾರಕ್ಕೊಮ್ಮೆಯಾದರೂ ಹಿರಿಯರು ಅದನ್ನು ಚಾಲೂ ಮಾಡಿ ನಾಲ್ಕು ಮಾರು ಹಿಂದೆ ಮುಂದೆ ಓಡಿಸಲಿ. ಹೊಸದಾಗಿ ಕಲಿಯುವವರು ಗೇರಿನ ಹಿಡಿಕೆಯ ಮೇಲೆ ಸದಾ ಕೈಯನ್ನೂ, ಕ್ಲಚ್ಚಿನ ಮೇಲೆ ಸದಾ ಕಾಲನ್ನೂ ಇಡುವ ಚಟ ಹಚ್ಚಿಕೊಳ್ಳದಿರಲಿ. ಕೈಯ ಭಾರ ಒಳಗಿನ ಕವಲುಕೋಲನ್ನು ಸವೆಸುತ್ತದೆ, ಕಾಲಿನ ಭಾರ ಕ್ಲಚ್ಚಿನ ಬೇರಿಂಗನ್ನು ತಿನ್ನುತ್ತದೆ.

1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅಂಬಾಸಡರ್ ನಿಂತದ್ದೂ ಅದೇ ವರ್ಷ. ಈಗ ಬರುತ್ತಿರುವ ಬ್ಯಾಟರಿ ಕಾರುಗಳಲ್ಲಿ ಕ್ಲಚ್ ಇಲ್ಲ, ಬದಲಿಸುವ ಗೇರುಗಳೂ ಸಾಮಾನ್ಯವಾಗಿ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ತರಬೇತಿಗೆ ಸೇರುವ ಹುಡುಗ ಮುಂದೆ ಯಾವ ಕಾರಿನ ಮುಂದೆ ನಿಲ್ಲುತ್ತಾನೋ ಹೇಳಲಾಗದು. ಆದರೆ ಯಾವ ಕಾರೇ ಆಗಲಿ, ಕೆಟ್ಟಾಗ ಅದು ಹೇಳುವುದು ಲಕ್ಷಣವನ್ನು ಮಾತ್ರ. ಕಾರಣವನ್ನು ಮನುಷ್ಯನೇ ಹುಡುಕಬೇಕು. ಪಾನ ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆ ಕೇಳುವವನೇ ಒಳ್ಳೆಯ ಮಿಸ್ತ್ರಿ. ಆ ಹುಡುಗಿಯ ನೋಟ್‌ಬುಕ್ಕಿನ ಮೂರು ಸಾಲುಗಳಿಂದ ಉಳಿದದ್ದು ಒಂದು ಹಳೆಯ ಕಾರು. ಅಪ್ಪ ಕಲಿತದ್ದು ಇನ್ನೊಂದು: ಮುಂದಿನ ಸಲ ಮನೆಯಲ್ಲಿ ಏನು ಕೆಟ್ಟರೂ, ಗುಜರಿಯವನಿಗಿಂತ ಮೊದಲು ಮಗಳನ್ನು ಕರೆಯುವುದು.